ಮಲ್ಲಣ್ಣ ಮಾಸ್ತರರ ಮರಳಿನ ಊರು

ಮಲ್ಲಣ್ಣ ಮಾಸ್ತರರ ಉಗುರುಗಳಲ್ಲಿ ಸದಾ ಮರಳಿರುತ್ತಿತ್ತು. ಊಟಕ್ಕೆ ಕೂತಾಗಲೂ ಇರುತ್ತಿತ್ತು. ಹೆಂಡತಿ ಬೈಯುತ್ತಿದ್ದರು, ಅವರು ನಗುತ್ತಿದ್ದರು. ನಿಜಾಮನ ಆಳಿಕೆಯ ಕೊನೆಗಾಲದಲ್ಲಿ ನಾನು ಶಹಾಪುರದ ಶಾಲೆಗೆ ಲೆಕ್ಕದ ಮಾಸ್ತರನಾಗಿ ಸೇರಿದಾಗ ಚರಿತ್ರೆ, ಭೂಗೋಳ ಎರಡನ್ನೂ ಅವರೇ ಹೇಳುತ್ತಿದ್ದರು. ಪಾಠ ಉರ್ದುವಿನಲ್ಲಿ, ಬೈಗುಳ ಮಾತ್ರ ಅಪ್ಪಟ ಕನ್ನಡದಲ್ಲಿ.

ನಕಾಶೆ ಅವರಿಗೆ ಬೇಡ. ವರ್ಗದ ನೆಲಕ್ಕೆ ಹಳ್ಳದ ಮರಳು ಸುರುವಿ ಊರನ್ನೇ ಕಟ್ಟುತ್ತಿದ್ದರು: ಬೆಟ್ಟ, ಕೋಟೆ, ಕೆರೆ, ಸುರಪುರದ ದಾರಿ, ಯಾದಗಿರಿಯ ದಾರಿ. "ಮೊದ್ಲ ನೀರು. ನೀರಿನ ಹಿಂದ ಮಂದಿ ಬಂದ್ರು, ಮಂದಿ ಹಿಂದ ರಾಜ ಬಂದ. ಕ್ವಾಟಿ ಕಟ್ಟಿದಾಂವ ಹೋದ, ಕೆರಿ ಇನ್ನೂ ಐತಿ" ಎನ್ನುತ್ತಿದ್ದರು. ಇಡೀ ಚರಿತ್ರೆ ಅಷ್ಟರಲ್ಲೇ ಮುಗಿಯುತ್ತಿತ್ತು. ನಡುವೆ ಬೇಕೆಂದೇ ಒಂದು ತಪ್ಪು ಮಾಡುವರು, ಕೆರೆಯನ್ನು ಬೆಟ್ಟದ ತುದಿಗೆ ಇಡುವರು. ಮಕ್ಕಳು ಕೂಡಲೇ "ತಪ್ಪರೀ ಮಾಸ್ತರ!" ಎಂದು ಒದರಬೇಕು. ಎಲ್ಲರಿಗಿಂತ ಮೊದಲು ಒದರುತ್ತಿದ್ದವನು ಕುಂಬಾರರ ಶರಣಪ್ಪ. ಆ ಗದ್ದಲಕ್ಕೆ ಪಕ್ಕದ ವರ್ಗದಲ್ಲಿ ನನ್ನ ಮಗ್ಗಿ ನಿಂತುಹೋಗಿ ಸಿಟ್ಟು ಬರುತ್ತಿತ್ತು.

ಆ ವರ್ಷ ನನ್ನ ತಮ್ಮ ಊರಲ್ಲಿ ತಿರಂಗಾ ಹಾರಿಸಿ, ಗೆಳೆಯರೊಂದಿಗೆ ಕೋಟೆಯಲ್ಲಿ ಅಡಗಿದ್ದ. ಕತ್ತಲಾದ ಮೇಲೆ ಇಳಿದು, ಕೊಡೇಕಲ್ ಹಾದು, ನಿಜಾಮನ ಆಳಿಕೆಗೆ ಹೊರಗಿದ್ದ ಬಿಜಾಪುರದ ಗಡಿ ದಾಟಬೇಕೆಂದಿದ್ದರು. ಇದು ಮಾಸ್ತರರಿಗೂ ನನಗೂ ಗೊತ್ತಿತ್ತು. ಮಧ್ಯಾಹ್ನವೇ ನಿಜಾಮನ ಕಡೆಯ ಬಂದೂಕಿನವರು ಶಾಲೆಗೆ ನುಗ್ಗಿದರು. ಸದ್ದು ಕೇಳಿ ನಾನು ಮಾಸ್ತರರ ವರ್ಗದ ಬಾಗಿಲಿಗೆ ಓಡಿದೆ. ಬಂದೂಕಿನವರ ಮುಖಂಡ ಮರಳಿನ ಊರನ್ನು ನೋಡಿ ನಿಂತ.

"ಕ್ವಾಟಿಗಿ ಹಿಂದಿನ ದಾರಿ ಯಾವ್ದು? ಇದರಾಗ ತೋರ್ಸು."

ಮಾಸ್ತರರು ಕುಕ್ಕರಗಾಲಿನಲ್ಲಿ ಕೂತರು. ನಿಜವಾದ ದಾರಿ ಇದ್ದದ್ದು ಕೆರೆಯ ಮಗ್ಗುಲಿಗೆ. ಅವರು ಬೆರಳು ಎಳೆದದ್ದು ಆಚೆಯ ಬದಿಗೆ, ಬರೀ ಕಡಿದಾದ ಬಂಡೆಗಳಿರುವಲ್ಲಿ. ನಾನು ಬಂದೂಕಿಗಿಂತ ಮಕ್ಕಳಿಗೆ ಹೆದರಿದೆ. ತಪ್ಪು ಕಂಡರೆ ಒದರಬೇಕೆಂದು ಕಲಿಸಿದವರು ಇವರೇ ಅಲ್ಲವೇ? ಶರಣಪ್ಪ ಆಗಲೇ ಅರ್ಧ ಎದ್ದಿದ್ದ, ಬಾಯಿ ತೆರೆದಿತ್ತು.

"ಏನಲೇ?" ಎಂದ ಮುಖಂಡ.

ಹುಡುಗ ಮರಳು ನೋಡಿದ, ಮಾಸ್ತರರನ್ನು ನೋಡಿದ.

"ನೀರು ಕುಡ್ದು ಬರ್ಲೇನ್ರಿ?" ಎಂದ.

"ಮಾಸ್ತರ, ನೀನೇ ಮುಂದ ನಡಿ" ಎಂದು ಅವರನ್ನು ಎಳೆದೊಯ್ದರು. ಸಂಜೆಯವರೆಗೂ ಬಂಡೆಗಳಲ್ಲಿ ಅಲೆಸಿದ ಸಿಟ್ಟಿಗೆ ಮಾಸ್ತರರ ಬಲಗೈ ಮುರಿದರು. ನನ್ನ ತಮ್ಮ ಗಡಿ ದಾಟಿ ಬದುಕಿಕೊಂಡ. ಆ ಕೈ ನೆನೆದರೆ ಇಂದಿಗೂ ನನಗೆ ಅನ್ನ ಇಳಿಯುವುದಿಲ್ಲ.

ಹಿಂದುಸ್ತಾನದ ಫೌಜು ಬಂದು, ಶಾಲೆ ಮತ್ತೆ ತೆರೆದಾಗ ಮಾಸ್ತರರು ಎಡಗೈಯಿಂದ ಮರಳು ಸರಿಸಿದರು. ಊರು ಸೊಟ್ಟಗಾಯಿತು. ಕೋಟೆಯ ದಾರಿಯನ್ನು ಅದೇ ಬಂಡೆಗಳ ಕಡೆಗೆ ಎಳೆದು ಕಾದರು. ಒಂದು ಮಗುವೂ ಒದರಲಿಲ್ಲ. ಶರಣಪ್ಪ ಬಾಗಿಲ ಕಡೆ ನೋಡುತ್ತಿದ್ದ.

"ಅವ್ರು ಹೋದ್ರಪಾ" ಎಂದರು ಮಾಸ್ತರರು. "ಇನ್ನ ಒದರ್ರೋ."

ಯಾರೂ ಒದರಲಿಲ್ಲ. ಅವರು ಗೋಡೆಗೊರಗಿ ಕೂತುಬಿಟ್ಟರು. ಬಾಗಿಲಲ್ಲಿ ನಿಂತಿದ್ದ ನನಗೆ ತಡೆಯಲಾಗಲಿಲ್ಲ. "ತಪ್ಪರೀ ಮಾಸ್ತರ!" ಎಂದು ನಾನೇ ಒದರಿದೆ. ಆಮೇಲೆ ಶರಣಪ್ಪ, ಆಮೇಲೆ ಇಡೀ ವರ್ಗ.

ವರ್ಷ ತುಂಬುವ ಮೊದಲೇ ಮಾಸ್ತರರು ತೀರಿಕೊಂಡರು. ಅವರ ವರ್ಗ ನನ್ನ ಪಾಲಿಗೆ ಬಂತು. ನಾನು ಲೆಕ್ಕದವನು, ಊರು ಕಟ್ಟುವುದು ನನಗೆಲ್ಲಿ ಬರಬೇಕು? ಮರಳಿನಲ್ಲಿ ಮಾಡಿದ್ದೆಲ್ಲ ತಪ್ಪೇ. ಮಕ್ಕಳು ದಿನವೂ ಒದರುತ್ತಿದ್ದರು.