ಅಂಬಾರಾಯ ಹೇಳುತ್ತಿದ್ದ ಬಾತ್ಮಿ

ಪುಣೆಯ ವಾರ್ಜೆಯಲ್ಲಿ ಹೆದ್ದಾರಿಯ ಬಗಲಿಗೆ ಈಗ ಹನ್ನೊಂದು ಅಂತಸ್ತಿನ ಕಟ್ಟಡಗಳು ನಿಂತಿವೆ. ೧೯೯೪ರಲ್ಲಿ ಅಲ್ಲಿದ್ದದ್ದು ತಗಡಿನ ಶೆಡ್ಡುಗಳು. ಯಾದಗಿರಿ, ಶಹಾಪುರ, ಸುರಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಮಂದಿ ಆ ಶೆಡ್ಡುಗಳಲ್ಲಿ ಇರುತ್ತಿದ್ದರು. ನಾನು ಗದಗಿನವನು. ಬಿ.ಕಾಂ. ಮುಗಿಸಿ ಅಲ್ಲಿನ ಗುತ್ತಿಗೆದಾರರೊಬ್ಬರ ಬಳಿ ಸ್ಟೋರ್ ಕೀಪರ್ ಆಗಿ ಸೇರಿದ್ದೆ. ಸಂಜೆಯ ಊಟ ಕಾಶವ್ವನ ಖಾನಾವಳಿಯಲ್ಲಿ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಜೊತೆಗೆ ಹಿಟ್ಟಿನ ಡಬ್ಬಿಯ ಮೇಲೆ ಕೂತಿದ್ದ ಕಪ್ಪು-ಬಿಳುಪು ಟಿವಿ.

ಆ ಟಿವಿಯ ಪಕ್ಕದಲ್ಲಿಯೇ ನಾನು ಅಂಬಾರಾಯನನ್ನು ಮೊದಲು ನೋಡಿದ್ದು. ಉದ್ದನೆಯ, ಒಣಕಲು ಮನುಷ್ಯ. ಸೆಂಟ್ರಿಂಗ್ ಕೆಲಸದವನು. ಸ್ಲ್ಯಾಬ್ ಹಾಕುವ ಮುಂಚೆ ಕೆಳಗೆ ಹಲಗೆ ಬಡಿದು ಕಂಬ ನಿಲ್ಲಿಸುವುದು ಅವನ ಕಸುಬು. ಹಗಲಿಡೀ ತುಟಿಗಳ ನಡುವೆ ಮೊಳೆ ಕಚ್ಚಿಕೊಂಡಿರುತ್ತಿದ್ದುದರಿಂದ ಮಾತಾಡುತ್ತಿರಲಿಲ್ಲ. ಅವನ ಹೆಂಡತಿ ಚಂದಮ್ಮ ಹೇಳುತ್ತಿದ್ದಳು, "ಮುಂಜಾನಿಂದ ಬಾಯಾಗ ಮೊಳಿ ಇರ್ತಾವ್ರಿ. ಸಂಜಿಗಿ ತಗದ ಕೂಡ್ಲೇ ಮಾತೆಲ್ಲಾ ಒಮ್ಮೆಲೆ ಹೊರಗ ಬರ್ತಾವ."

ಶೆಡ್ಡಿನ ಮಂದಿಗೆ ಹಿಂದಿ ವಾರ್ತೆ, ಅವರ ಮಾತಿನಲ್ಲಿ ಬಾತ್ಮಿ, ತಿಳಿಯುತ್ತಿರಲಿಲ್ಲ. ಒಂದು ಸಂಜೆ ಯಾರೋ, "ಏನ್ ಅನ್ಲಾಕತ್ಯಾನಪಾ ಅಂವ?" ಎಂದು ಕೇಳಿದರು. ಅಂಬಾರಾಯ ರೊಟ್ಟಿ ಬಿಟ್ಟು ಎದ್ದು ಟಿವಿಯ ಬಗಲಿಗೆ ನಿಂತ. ಎಲ್ಲೋ ಇಬ್ಬರು ದೊಡ್ಡ ಮನುಷ್ಯರು ಶಾಂತಿ ಒಪ್ಪಂದಕ್ಕೆ ಸಹಿ ಹಾಕಿ, ಪೆನ್ನು ಬದಲಿಸಿಕೊಂಡು ನಗುತ್ತಿದ್ದರು.

"ಪೆನ್ನು ಯಾಕ ಬದಲಿ ಮಾಡ್ಯಾರ ಗೊತ್ತೇನ್ರಿ? ಇಬ್ಬರ ಪೆನ್ನಾಗೂ ಶಾಯಿ ಇಲ್ಲ. ಅವನ ಹಂತ್ಯಾಕ ಇರಬೇಕು ಅಂತ ಇಂವ, ಇವನ ಹಂತ್ಯಾಕ ಇರಬೇಕು ಅಂತ ಅಂವ. ಈಗ ಕೈ ಹಿಡಕೊಂಡಾರ ನೋಡ್ರಿ, ಬಿಡವಲ್ರು. ಯಾರ್ ಮೊದಲ ಬಿಡ್ತಾರೋ ಅವರ ಊರ ಮ್ಯಾಲ ಬಾಂಬು."

ನನಗೆ ಹಿಂದಿ ಬರುತ್ತಿತ್ತು. ಅವನು ಹೇಳಿದ್ದರಲ್ಲಿ ಒಂದಕ್ಷರವೂ ವಾರ್ತೆಯಲ್ಲಿರಲಿಲ್ಲ. ನಗು ಬಂದು ರೊಟ್ಟಿ ಗಂಟಲಿಗೆ ಸಿಕ್ಕಿ ಕೆಮ್ಮಿದೆ. ಕಾಶವ್ವ ಬೆನ್ನಿಗೆ ಗುದ್ದಿ ನೀರು ಕೊಟ್ಟಳು.

ಅಂದಿನಿಂದ ಅದು ದಿನದ ಪದ್ಧತಿಯಾಯಿತು. ಏಳೂವರೆಗೆ ಖಾನಾವಳಿ ತುಂಬುತ್ತಿತ್ತು. ಅಂಬಾರಾಯ ಬಾತ್ಮಿ ಹೇಳಿದ ಮೇಲೆಯೇ ಮಂದಿ ಕೈ ತೊಳೆಯುತ್ತಿದ್ದರು. ರಾಕೆಟ್ ಮೇಲಕ್ಕೆ ಹೋದರೆ, "ಹೋಗಲಿ ಹೋಗಲಿ, ಅಲ್ಲಿ ಭೀ ಸೆಂಟ್ರಿಂಗ್ ಹೊಡಿಲಾಕ ನಮ್ಮನ್ನೇ ಕರೀತಾರ" ಎನ್ನುತ್ತಿದ್ದ. ರವಿವಾರದ ಸಿನಿಮಾದಲ್ಲಿ ಹೀರೋ ಹತ್ತು ಮಂದಿಯನ್ನು ಬಡಿಯುವಾಗ, "ನೋಡ್ರಿ, ಹ್ಯಾಂಗ ಶಿಸ್ತಿಲೆ ಪಾಳಿ ಹಚ್ಚಿ ಒಬ್ಬೊಬ್ರೇ ಬಂದು ಬಡಿಸ್ಕೊಳ್ಳಾಕತ್ಯಾರ! ನಮ್ಮ ಮಂದಿ ನಳದ ಮುಂದ ಹಿಂಗ ಪಾಳಿ ಹಚ್ಚಿದ್ರ ಒಂದು ಕೊಡಾನೂ ಒಡೀತಿರಲಿಲ್ಲ" ಎನ್ನುತ್ತಿದ್ದ. ನಳದ ಮುಂದೆ ಅದೇ ಬೆಳಿಗ್ಗೆ ಜಗಳಾಡಿದ ಹೆಂಗಸರೇ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದರು. ಚಂದಮ್ಮ ಮಾತ್ರ ಗೋಡೆಗೆ ಆತು ಕೂತು ಬಾಯಿಗೆ ಸೆರಗು ಹಿಡಿದಿರುತ್ತಿದ್ದಳು. ಭುಜ ಕುಲುಕುವುದಷ್ಟೇ ಕಾಣುತ್ತಿತ್ತು. ಅವರಿಗೆ ಮಕ್ಕಳಿರಲಿಲ್ಲ. ಆ ಭುಜ ಕುಲುಕಿತೋ ಇಲ್ಲವೋ ಎಂದು ಅವನು ಪ್ರತಿ ಮಾತಿಗೂ ಒಮ್ಮೆ ಆ ಕಡೆ ನೋಡುತ್ತಿದ್ದ.

ಎಲ್ಲರಿಗೂ ಯಾವಾಗಲೂ ಹಿಡಿಸುತ್ತಿತ್ತೆಂದಲ್ಲ. ಒಮ್ಮೆ ಪರದೇಶದ ಶ್ರೀಮಂತ ಹೆಣ್ಣುಮಗಳೊಬ್ಬಳ ಅಂತ್ಯಕ್ರಿಯೆ ತೋರಿಸುತ್ತಿದ್ದರು. ಅರಮನೆಯಂಥ ಮನೆಯ ಮುಂದೆ ಎದೆಯೆತ್ತರ ಹೂವಿನ ರಾಶಿ. "ಈಟು ಹೂವು ತಂದವರೆಲ್ಲಾ ಆಕಿ ಇದ್ದಾಗ ಎಲ್ಲಿದ್ರಂತ? ಮಾರಾವ್ರಿಗೆ ಭರ್ತಿ ಸುಗ್ಗಿ ಬಿಡು" ಎಂದುಬಿಟ್ಟ. ಕಾಶವ್ವನಿಗೆ ಸಿಟ್ಟು ಬಂತು.

"ಸತ್ತವರ ಮ್ಯಾಲ ನಗಬಾರದೋ, ತಮ್ಮಾ."

"ಸತ್ತವರ ಮ್ಯಾಲ ಯಾರು ನಗ್ತಾರ ಯಕ್ಕಾ? ನಿಂತು ನೋಡವ್ರ ಮ್ಯಾಲ ನಗ್ಲಾಕತ್ತೀನಿ."

ಹೀಗೆ ಹತ್ತು ವರ್ಷ ಕಳೆಯಿತು. ಖಾನಾವಳಿಗೆ ಬಣ್ಣದ ಟಿವಿ ಬಂತು, ದಿನವಿಡೀ ವಾರ್ತೆ ಹೇಳುವ ಚಾನೆಲ್ಲುಗಳು ಬಂದವು. ನನ್ನ ಮದುವೆಯಾಯಿತು. ಶೆಡ್ಡುಗಳು ಕಟ್ಟಡದ ಹಿಂದೆ ಹಿಂದೆ ಸರಿಯುತ್ತ ಹೋದವು.

೨೦೦೪ರ ಫೆಬ್ರುವರಿಯಲ್ಲಿ ನಾಲ್ಕನೇ ಅಂತಸ್ತಿನ ಸ್ಲ್ಯಾಬಿಗೆ ಎರಡು ದಿನವಿರುವಾಗ ಅಂಬಾರಾಯ ಸ್ಟೋರಿಗೆ ಬಂದ. ಸ್ಲ್ಯಾಬಿನ ಭಾರ ಹೊರಲು ನಿಲ್ಲಿಸುವ ಮರದ ಕಂಬಗಳಿಗೆ ನಾವು ಬಲ್ಲಿ ಎನ್ನುತ್ತಿದ್ದೆವು.

"ಕಾರಕೂನ್ರ, ಬಲ್ಲಿ ಸಾಲಲ್ರಿ. ಎರಡು ಫೂಟಿಗೆ ಒಂದು ಬೇಕು. ನಾಲ್ಕು ಫೂಟಿಗೂ ಬರವಲ್ವು."

ಅರ್ಧದಷ್ಟು ಬಲ್ಲಿಗಳನ್ನು ಚಾಕಣದ ಇನ್ನೊಂದು ಕೆಲಸಕ್ಕೆ ಲಾರಿಯಲ್ಲಿ ಕಳಿಸಿದ್ದು ನಾನೇ, ಮಾಲೀಕರ ಮಾತಿನ ಮೇಲೆ. ಎಂಜಿನಿಯರಿಗೆ ಹೇಳಿದೆ. ಅವರು ಫೋನಿನಲ್ಲಿದ್ದರು, ಆಗುತ್ತದೆ ಎನ್ನುವಂತೆ ಕೈಯಾಡಿಸಿದರು. ನಾನು ಬಂದು ಅಂಬಾರಾಯನಿಗೆ, "ಇದ್ದಷ್ಟರಾಗ ನಡಸೋ ಮಾರಾಯಾ" ಎಂದೆ. ಅವನು ಮೊಳೆ ಬಾಯಿಗೆ ಹಾಕಿಕೊಂಡು ಹೋದ.

ಗುರುವಾರ ಹನ್ನೊಂದು ಗಂಟೆಗೆ ಸ್ಲ್ಯಾಬ್ ಬಿತ್ತು. ಕಾಂಕ್ರೀಟಿನ ಬುಟ್ಟಿ ಕೈಯಿಂದ ಕೈಗೆ ದಾಟಿಸುವ ಸಾಲಿನಲ್ಲಿ ಚಂದಮ್ಮ ಮೂರನೆಯವಳು. ಅವಳೂ ಇನ್ನೂ ನಾಲ್ವರೂ ಹೋದರು. ಅಂಬಾರಾಯ ಮರದ ಬೆಣೆ ತರಲು ಕೆಳಗಿಳಿದಿದ್ದ. ಸದ್ದು ಕೇಳಿ ತಿರುಗಿದಾಗ ಮೇಲೆ ಬರೀ ಆಕಾಶ ಕಂಡಿತಂತೆ.

ಮಧ್ಯಾಹ್ನ ಟಿವಿಯವರು ಬಂದರು. ಮೈಕು ಹಿಡಿದ ಹುಡುಗಿ ಅಂಬಾರಾಯನನ್ನು ಮಾತಾಡಿಸಿದಳು. ಅವನು ತನ್ನ ಹರಕು ಮುರುಕು ಹಿಂದಿಯಲ್ಲಿ, ನಡುನಡುವೆ ಕನ್ನಡದಲ್ಲಿ, ಬಹಳ ಹೊತ್ತು ಹೇಳಿದ. ಮುರಿದ ಬಲ್ಲಿಗಳ ಹತ್ತಿರ ಅವಳನ್ನು ಕರೆದುಕೊಂಡು ಹೋಗಿ ಹೆಜ್ಜೆಯಲ್ಲಿ ಅಳತೆ ಮಾಡಿ ತೋರಿಸಿದ. ಹೆಂಡತಿಯ ಹೆಸರನ್ನು ಮೂರು ಸಲ ಹೇಳಿದ. ಹುಡುಗಿ ತಲೆಯಾಡಿಸುತ್ತಿದ್ದಳು. ನಾನು ಸ್ಟೋರಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಮರುದಿನ ಚಂದಮ್ಮನನ್ನು ಮಣ್ಣು ಮಾಡಿ ಬಂದ ಮೇಲೆ ಸಂಜೆ ಎಲ್ಲರೂ ಖಾನಾವಳಿಯಲ್ಲಿ ಕೂತೆವು. ಯಾರೂ ಉಣ್ಣಲಿಲ್ಲ. ಕಾಶವ್ವ ಟಿವಿ ಹಚ್ಚಿದಳು. ಅಂಬಾರಾಯನನ್ನು ತೋರಿಸುತ್ತಾರೆ ಎಂದು ಸುದ್ದಿಯಾಗಿತ್ತು.

ತೋರಿಸಿದರು. ಅವನ ಮುಖ ಪರದೆಯ ತುಂಬ ಬಂತು. ಬಾಯಿ ಆಡುತ್ತಿತ್ತು, ಕೈ ಬಲ್ಲಿಯ ಅಳತೆ ತೋರಿಸುತ್ತಿತ್ತು. ಆದರೆ ಕೇಳಿಸಿದ್ದು ಹೆಂಗಸೊಬ್ಬಳ ಸ್ವಚ್ಛ ಮರಾಠಿ. ಆಂಧ್ರದಿಂದ ಬಂದ ಕೂಲಿ ಹೆಂಗಸರು ಸತ್ತಿದ್ದಾರೆ, ದುಃಖದಲ್ಲಿರುವ ಗಂಡ ಇದು ದೈವೇಚ್ಛೆ ಎಂದಿದ್ದಾನೆ, ಗುತ್ತಿಗೆದಾರರು ಎಲ್ಲ ನೆರವು ಕೊಡುತ್ತಿದ್ದಾರೆಂದು ತಿಳಿಸಿದ್ದಾನೆ. ಅಷ್ಟೇ. ಮರುಕ್ಷಣ ಯಾರೋ ಸಿನಿಮಾ ನಟಿಯ ನಿಶ್ಚಿತಾರ್ಥ.

ಮರಾಠಿ ಅಷ್ಟಿಷ್ಟು ತಿಳಿಯುವವರು ತಲೆ ತಗ್ಗಿಸಿದರು. ತಿಳಿಯದವರು ಅಭ್ಯಾಸಬಲದಿಂದ ಅಂಬಾರಾಯನ ಕಡೆ ತಿರುಗಿದರು. ಕಾಶವ್ವ ಮೆಲ್ಲಗೆ ಕೇಳಿದಳು, "ನೀ ಏನು ಹೇಳಿದ್ದ್ಯೋ ತಮ್ಮಾ, ಆ ಹುಡುಗಿ ಮುಂದ?"

ಅಂಬಾರಾಯ ಎದ್ದು ಟಿವಿಯ ಬಗಲಿಗೆ ಹೋಗಿ ನಿಂತ.

"ಚಂದಮ್ಮ ಅಂತ ಹೇಳ್ದೆ. ಶಹಾಪುರ ತಾಲೂಕು ಅಂತ ಹೇಳ್ದೆ. ಬಲ್ಲಿ ಕಮ್ಮಿ ಇದ್ವು, ನಾ ಎರಡು ದಿನ ಮೊದ್ಲೇ ಸ್ಟೋರಿಗಿ ಹೋಗಿ ಹೇಳಿದ್ನಿ ಅಂತ ಹೇಳ್ದೆ. ಆಕಿ ಮುಂಜಾನಿ ಉಂಡಿರಲಿಲ್ಲ, ಸ್ಲ್ಯಾಬ್ ಮುಗಿಸಿ ಉಣ್ತೀನಿ ಅಂದಿದ್ಲು ಅಂತ ಭೀ ಹೇಳ್ದೆ. ದೇವರ ಹೆಸರು ನಾ ತಗದೇ ಇಲ್ಲ."

ಹೇಳಿದ ಮೇಲೆ ಅವನ ಕಣ್ಣು ಗೋಡೆಯ ಕಡೆ ಹೋಯಿತು. ಅಲ್ಲಿ ಯಾರೂ ಕೂತಿರಲಿಲ್ಲ. ಅವನು ಹೊರಗೆ ಹೋದ.

ಮುಂದಿನ ವಾರ ಪೊಲೀಸರು ನನ್ನನ್ನು ಕರೆಸಿದರು. ಪಕ್ಕದ ಕುರ್ಚಿಯಲ್ಲಿ ಮಾಲೀಕರ ಮನುಷ್ಯ ಕೂತಿದ್ದ. ಬಲ್ಲಿ ಸಾಕಷ್ಟಿದ್ದವೇ ಎಂದು ಕೇಳಿದರು. ನನ್ನ ಹೆಂಡತಿ ಮಾಧುರಿಗೆ ಆಗ ಏಳು ತಿಂಗಳು. ನಾನು ಇದ್ದವು ಎಂದೆ. ಸೆಂಟ್ರಿಂಗ್ ಕೆಲಸದವರ ತಪ್ಪು ಎಂದು ಬರೆದು ಪ್ರಕರಣ ಮುಗಿಸಿದರು. ಅಂಬಾರಾಯನನ್ನು ಜೈಲಿಗೆ ಹಾಕಲಿಲ್ಲ. ಆದರೆ ಆಮೇಲೆ ಪುಣೆಯಲ್ಲಿ ಯಾವ ಗುತ್ತಿಗೆದಾರನೂ ಅವನ ಕೈಗೆ ಸುತ್ತಿಗೆ ಕೊಡಲಿಲ್ಲ. ಅವನು ಶೆಡ್ಡು ಬಿಟ್ಟು ಎಲ್ಲಿಗೆ ಹೋದನೆಂದು ನಾನು ವಿಚಾರಿಸಲಿಲ್ಲ. ಎದುರಾಗದಿದ್ದರೆ ಸಾಕಿತ್ತು.

ಮರುವರ್ಷ ನಾನು ಆ ಕೆಲಸ ಬಿಟ್ಟು ಚಾಕಣದಲ್ಲಿ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯ ಆಫೀಸಿಗೆ ಸೇರಿದೆ. ಅಲ್ಲಿ ಕಂಪ್ಯೂಟರು, ಇಂಟರ್ನೆಟ್ಟು. ಊಟದ ಬಿಡುವಿನಲ್ಲಿ ಎಲ್ಲರೂ ಮನೋಹರನೆಂಬ ಸಹೋದ್ಯೋಗಿಯ ಮೇಜಿನ ಸುತ್ತ ಸೇರಿ ನಗೆ ವಿಡಿಯೊಗಳನ್ನು ನೋಡುವುದು ರೂಢಿ. ಬೆಕ್ಕು ಪಿಯಾನೊ ಬಾರಿಸುವುದು, ಮದುವೆಯಲ್ಲಿ ಮದುಮಗ ಕುದುರೆಯಿಂದ ಬೀಳುವುದು, ಅಂಥವು.

೨೦೦೮ರ ಮಳೆಗಾಲದ ಒಂದು ದಿನ ಮನೋಹರ ಕೂಗಿದ. ನಿಮ್ಮ ಕಡೆಯವನು ಒಬ್ಬ ಇದ್ದಾನೆ, ಬಾ ಎಂದ. ವಿಡಿಯೊದ ಹೆಸರು 'ಟಿವಿ ಜೊತೆ ಜಗಳವಾಡುವ ಹುಚ್ಚ'. ಯಾರೋ ಮೊಬೈಲಿನಲ್ಲಿ ತೆಗೆದದ್ದು. ಯಾವುದೋ ಚಹಾದಂಗಡಿ. ಟಿವಿಯಲ್ಲಿ ಬೇರೆ ಯಾವುದೋ ಊರಿನ ಕಟ್ಟಡ ಕುಸಿದ ವಾರ್ತೆ. ಅದರ ಮುಂದೆ ಅಂಬಾರಾಯ. ತಲೆ ಪೂರ್ತಿ ಬೆಳ್ಳಗಾಗಿತ್ತು. ಗಾಜಿಗೆ ಬೆರಳು ಬಡಿಯುತ್ತ ಕೂಗುತ್ತಿದ್ದ.

"ಹೆಣ ಎಣಸಬ್ಯಾಡ್ರಿ, ಬಲ್ಲಿ ಎಣಸ್ರಿ! ಲೇ ಮೈಕಿನವನ, ಕೆಳಗ ಕ್ಯಾಮೆರಾ ಹಿಡಿಯೋ! ಎಟು ಬಲ್ಲಿ ಅದಾವ ತೋರಿಸು! ಹೆಸರು ಹೇಳು, ಐದು ಮಂದಿ ಅಂತ ಅನಬ್ಯಾಡ, ಹೆಸರು ಹೇಳು!"

ವಿಡಿಯೊ ಹಾಕಿದವನು ಅದಕ್ಕೆ ಡೋಲು ಬಡಿತವನ್ನೂ ಮಂದಿ ಗೊಳ್ಳೆಂದು ನಗುವ ಸದ್ದನ್ನೂ ಸೇರಿಸಿದ್ದ. ಅಂಬಾರಾಯ ಪ್ರತಿ ಸಲ ಬೆರಳು ಬಡಿದಾಗ ಡೋಲು ಬೀಳುತ್ತಿತ್ತು. ಮನೋಹರ ಕಣ್ಣೊರೆಸಿಕೊಳ್ಳುತ್ತ, "ಕಾಯ್ ಮ್ಹಣತೋಯ್ ರೇ ತೋ?" ಎಂದ. ಏನಂತಾನಪ್ಪ ಅವನು ಎಂದು. ಏಳು ಮಂದಿ ನನ್ನ ಬಾಯಿ ನೋಡುತ್ತಿದ್ದರು.

"ಏನಿಲ್ಲ, ಕುಡಿದಾನ" ಎಂದೆ ಮರಾಠಿಯಲ್ಲಿ.

ಅಂಬಾರಾಯ ಜನ್ಮದಲ್ಲಿ ಕುಡಿದವನಲ್ಲ. ನಾನು ಶೌಚಾಲಯಕ್ಕೆ ಹೋಗಿ ನಳ ಬಿಟ್ಟುಕೊಂಡು ನಿಂತೆ. ಇನ್ನೊಮ್ಮೆ ಹೊರಗೆ ನಗು ಎದ್ದಿತು. ಮತ್ತೆ ಮೊದಲಿನಿಂದ ಹಚ್ಚಿದ್ದರು.

ಆ ರವಿವಾರ ಕಾಶವ್ವನನ್ನು ಹುಡುಕಿಕೊಂಡು ಹೋದೆ. ಅವಳಿಂದ ತಿಳಿಯಿತು, ಅಂಬಾರಾಯ ರಾಂಜಣಗಾಂವದಲ್ಲಿ ಒಂದು ಕಾರ್ಖಾನೆಯ ಗೇಟಿನ ಬಳಿ ಹುಲ್ಲಿಗೆ ನೀರು ಹಾಯಿಸಿಕೊಂಡಿದ್ದಾನೆ ಎಂದು. ಬಸ್ಸಿಳಿದು ನಡೆದೆ. ಮಳೆ ಬೀಳುತ್ತಿದ್ದರೂ ಅವನು ಪೈಪು ಹಿಡಿದು ನೀರು ಬಿಡುತ್ತಿದ್ದ.

"ಮಳಿಯಾಗ ಯಾಕ ನೀರು ಬಿಡ್ತೀಯೋ ಅಂಬಾರಾಯಾ?"

"ಬಿಡು ಅಂದಾರ್ರಿ, ಬಿಡ್ತೀನಿ." ನನ್ನ ಗುರುತು ಹಿಡಿದು ಪೈಪು ಕೆಳಗಿಟ್ಟ. "ಬರ್ರಿ ಕಾರಕೂನ್ರ. ಮಗಳು ಎಷ್ಟನೇ ಇಯತ್ತೆ?"

ನನಗೆ ಮಗಳು ಹುಟ್ಟಿದ್ದು ಅವನಿಗೆ ಹೇಗೆ ಗೊತ್ತಾಯಿತೋ. ಬಾಲವಾಡಿ ಎಂದೆ. ತಗಡಿನ ಮಾಡಿನ ಕೆಳಗೆ ಕೂತೆವು. ಅವನು ಪ್ಲಾಸ್ಟಿಕ್ ಕಪ್ಪಿನಲ್ಲಿ ಚಹಾ ತಂದ. ನಾನು ವಿಡಿಯೊದ ಸಂಗತಿ ಹೇಳಿದೆ. ಚಹಾದಂಗಡಿಯವನು ಆಮೇಲೆ ತನ್ನನ್ನು ಒಳಗೆ ಬಿಡಲಿಲ್ಲ ಎಂದಷ್ಟೇ ಅವನು ಹೇಳಿದ.

"ಮಂದಿ ಏನಂದ್ರು, ನೋಡಿ?"

"ನಕ್ರು."

"ಭಾಷಾ ಬರಂಗಿಲ್ಲ, ನಗ್ತಾರ. ನೀವು ಬಿಡಿಸಿ ಹೇಳಿದ್ರೇನ್ರಿ?"

ನಾನು ಕಪ್ಪು ಕೆಳಗಿಟ್ಟೆ. ಅವನಿಗೆ ತಿಳಿಯಿತು. ನಾನು ಕೊನೆಗೆ ಹೇಳಿದೆ, "ಪೊಲೀಸರ ಮುಂದನೂ ನಾ ಖರೇ ಹೇಳಲಿಲ್ಲೋ."

"ಗೊತ್ತದ್ರಿ. ನಿಮಗೂ ಹೆಂಡ್ರು ಮಕ್ಕಳು ಅದಾರ."

"ಬೈಯೋ ಒಮ್ಮೆ."

"ಬೈದು ಏನ್ ಮಾಡ್ಲಿ? ಟಿವಿಗೆ ಬೈದೇ ಸಾಕಾಗ್ಯದ. ಚಹಾ ಆರ್ತದ, ಕುಡೀರಿ."

ಸಿನಿಮಾ ನೋಡುತ್ತೀಯಾ ಎಂದರೆ ಇಲ್ಲ, ಊರಿಗೆ ಹೋಗುತ್ತೀಯಾ ಎಂದರೆ ಯಾರಿದ್ದಾರೆ ಎಂದ. ನಾನು ಏಳುವ ಮೊದಲೇ ಅವನು ಪೈಪು ಎತ್ತಿಕೊಂಡು ಮಳೆಗೆ ಇಳಿದ.

ಮತ್ತೆ ಹೋಗಬೇಕೆಂದು ಬಹಳ ಸಲ ಅಂದುಕೊಂಡೆ, ಹೋಗಲಿಲ್ಲ. ೨೦೦೯ರ ಆಗಸ್ಟಿನಲ್ಲಿ ಜ್ವರ ಬಂದು ಹೋದನಂತೆ. ಕಾಶವ್ವನಿಗೇ ಎರಡು ವಾರ ತಡವಾಗಿ ತಿಳಿಯಿತು. ಕಾರ್ಖಾನೆಯ ಜೊತೆಗಾರರು ಮಣ್ಣು ಮಾಡಿದರು. ಹೆಸರು ಕೇಳಿದವರಿಗೆ ಯಾರೋ ಅಂಬಾದಾಸ ಎಂದು ಬರೆಸಿದ್ದರಂತೆ.

ನನಗೆ ಸುದ್ದಿ ತಿಳಿದ ದಿನ ಎಲ್ಲರೂ ಮನೆಗೆ ಹೋದ ಮೇಲೆ ನಾನು ಆಫೀಸಿನಲ್ಲಿ ಆ ವಿಡಿಯೊ ಹಚ್ಚಿದೆ. ಹದಿನಾಲ್ಕು ಸಾವಿರ ಸಲ ನೋಡಿದ್ದರು. ಕೆಳಗೆ ಬರೆಯುವ ಜಾಗದಲ್ಲಿ, ಕನ್ನಡ ಟೈಪು ಬಾರದ ಕಾರಣ ಇಂಗ್ಲಿಷಿನಲ್ಲಿ, ಅವನ ಮಾತುಗಳನ್ನು ಒಂದೊಂದಾಗಿ ಬಿಡಿಸಿ ಬರೆದೆ. ಅವನ ಹೆಸರು, ಚಂದಮ್ಮನ ಹೆಸರು, ಬಲ್ಲಿ ಸಾಲದೆ ಇದ್ದದ್ದು, ಅವನ್ನು ಚಾಕಣಕ್ಕೆ ಕಳಿಸಿದವನು ನಾನು ಎಂಬುದು, ಎಲ್ಲ ಬರೆದೆ.

ಮರುದಿನ ತೆರೆದು ನೋಡಿದೆ. ನನ್ನ ಬರಹದ ಕೆಳಗೆ ಯಾರೋ ಒಬ್ಬರು, ಇಷ್ಟು ಉದ್ದ ಯಾರು ಓದುತ್ತಾರೆ ಎಂದು ಬರೆದು ನಗುವ ಮುಖ ಹಾಕಿದ್ದರು. ಬೇರೆ ಯಾರೂ ಏನೂ ಬರೆದಿರಲಿಲ್ಲ. ಕಂಪ್ಯೂಟರ್ ಆರಿಸಿ, ಊಟದ ಡಬ್ಬಿ ತೆಗೆದುಕೊಂಡು ಬಸ್ಸಿಗೆ ಹೋದೆ.