ಹಲಸಿನ ಹಲಗೆ ಮತ್ತು ಆರು ಮಿಲಿಮೀಟರ್ ಬಿಟ್

೧೯೮೮ರಲ್ಲಿ ನಾನು ಅರಸೀಕೆರೆಯ ಒಂದು ಮರಗೆಲಸದ ಕಾರ್ಖಾನೆಯಲ್ಲಿ ಟೂಲ್ ರೂಮಿನ ಮೇಲ್ವಿಚಾರಕನಾಗಿದ್ದೆ. ಅದಕ್ಕೂ ಮುಂಚೆ ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಲೇಥ್ ಮತ್ತು ಮಿಲ್ಲಿಂಗ್ ಯಂತ್ರಗಳ ಮುಂದೆ ನಿಂತು ಕಬ್ಬಿಣ ಕೊರೆದವನು. ಮರದ ವಿಷಯ ನನಗೆ ಹೆಚ್ಚು ತಿಳಿದಿರಲಿಲ್ಲ. ತಿಳಿದಿಲ್ಲ ಎಂಬುದೂ ತಿಳಿದಿರಲಿಲ್ಲ.

ಆ ವರ್ಷ ನಮ್ಮಲ್ಲಿಗೆ ಕಂಪ್ಯೂಟರ್ ನಿಯಂತ್ರಣದ ಕೆತ್ತನೆ ಯಂತ್ರ ಬಂತು. ಹೊರದೇಶದಲ್ಲಿ ಬಳಸಿ ಬಿಟ್ಟದ್ದು. ವಿನ್ಯಾಸವನ್ನೆಲ್ಲ ಅಂಕಿಗಳಾಗಿ ಬರೆದು, ಕಾಗದದ ಪಟ್ಟಿಯಲ್ಲಿ ತೂತುಗಳಾಗಿ ಒತ್ತಿ, ಆ ಪಟ್ಟಿಯನ್ನು ಯಂತ್ರಕ್ಕೆ ಉಣಿಸಬೇಕು. ಅದನ್ನು ಓದಿಕೊಂಡು ಯಂತ್ರದ ತಲೆ ಹಲಗೆಯ ಮೇಲೆ ಓಡಾಡುತ್ತದೆ. ತಲೆಗೆ ಸಿಕ್ಕಿಸಿದ, ಬೆರಳಿಗಿಂತ ಸಣ್ಣ ಕತ್ತಿಯೇ ರೌಟರ್ ಬಿಟ್. ನಿಮಿಷಕ್ಕೆ ಹದಿನೆಂಟು ಸಾವಿರ ಸುತ್ತು ತಿರುಗುವ ಆ ಬಿಟ್ಟನ್ನು ಆರಿಸುವುದು ನನ್ನ ಕೆಲಸ.

ಯಂತ್ರ ಬಂದ ದಿನ ಕೆತ್ತನೆ ವಿಭಾಗದವರು ಯಾರೂ ಹತ್ತಿರ ಬರಲಿಲ್ಲ. ಅವರಲ್ಲಿ ಹಿರಿಯರು ಬೇಲೂರಿನ ವೀರಭದ್ರಾಚಾರ್. ಅರವತ್ತು ದಾಟಿದ್ದರು. ದಿನಾ ಮೊದಲ ಬಸ್ಸಿಗೆ ಬಂದು, ಉಳಿಗಳನ್ನು ಗೋಣಿತಾಟಿನ ಮೇಲೆ ಸಾಲಾಗಿ ಹರಡಿಕೊಂಡು ಕೂರುತ್ತಿದ್ದರು. ಯಂತ್ರ ಹಳಿಗೆ ಬಂದ ಮೇಲೆ ಇಷ್ಟು ಜನ ಕೆತ್ತನೆಯವರು ಬೇಕಾಗುವುದಿಲ್ಲ ಎಂದು ಮ್ಯಾನೇಜರ್ ಆಗಲೇ ಹೇಳಿಬಿಟ್ಟಿದ್ದರು. ಆಚಾರ್ ನನ್ನೊಡನೆ ಮಾತು ಕಡಿಮೆ ಮಾಡಿದರು. ನಾನೂ ಮಾತಾಡಿಸಲು ಹೋಗಲಿಲ್ಲ.

ಯಂತ್ರದ ಮೊದಲ ದೊಡ್ಡ ಕೆಲಸ ಹಳೇಬೀಡಿನ ಪದ್ಮಾವತಮ್ಮನವರ ದೇವರಕೋಣೆಯ ಜೋಡಿ ಬಾಗಿಲು. ಅವರು ಬಸದಿಯ ಬಳಿಯ ಜೈನ ಮನೆತನದವರು, ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ಅವರ ಅತ್ತೆ ನೆಟ್ಟ ಹಲಸಿನ ಮರ ಗಾಳಿಗೆ ಉರುಳಿತ್ತು. ಅದನ್ನು ಸೀಳಿಸಿ, ಮೂರು ವರ್ಷ ಅಟ್ಟದ ಮೇಲೆ ಆರಿಸಿದ್ದರು. ಬಾಗಿಲಿನ ಅಗಲಕ್ಕೆ ಬರುವ ಹಲಗೆಗಳು ಎರಡೇ. ಉಳಿದದ್ದು ಗೇಣುದ್ದದ ತುಂಡುಗಳು. ವಿನ್ಯಾಸವೂ ಅವರದೇ: ಸುತ್ತ ಬಳ್ಳಿ, ನಡುವೆ ಎದುರುಬದುರಾಗಿ ಎರಡು ಹಂಸ, ಒಂದೊಂದು ಹಲಗೆಗೆ ಒಂದೊಂದು.

ನಾನು ಆರು ಮಿಲಿಮೀಟರಿನ ಅಪ್‌ಕಟ್ ಬಿಟ್ ಆರಿಸಿದೆ. ಅದರ ಸುರುಳಿ ಪುಡಿಯನ್ನು ಮೇಲಕ್ಕೆ ಎಳೆದು ಹೊರಗೆಸೆಯುತ್ತದೆ. ಕಬ್ಬಿಣದಲ್ಲಿ ಅದೇ ಸರಿ, ಕೊರೆದ ಜಾಗ ಚೊಕ್ಕವಾಗಿರುತ್ತದೆ. ಬೇರೆ ಯೋಚನೆಯೇ ನನಗೆ ಬರಲಿಲ್ಲ. ತುಂಡು ಮರದ ಮೇಲೆ ಪರೀಕ್ಷೆಯನ್ನೂ ಮಾಡದೆ ಮೊದಲ ಹಲಗೆಯನ್ನು ಬಿಗಿದು ಗುಂಡಿ ಒತ್ತಿದೆ.

ಹತ್ತು ನಿಮಿಷ ಎಲ್ಲ ಸರಿಯಿದ್ದಂತೆ ಕಂಡಿತು. ಆಮೇಲೆ ಸದ್ದು ಬದಲಾಯಿತು. ಬಳ್ಳಿಯ ಅಂಚಿನಲ್ಲಿ ನಾರು ಎದ್ದು ನಿಂತಿತ್ತು. ನಾನು ಯಂತ್ರ ನಿಲ್ಲಿಸಲು ಕೈ ಚಾಚುವಷ್ಟರಲ್ಲಿ ಬಿಟ್ ಹಂಸದ ಕೊಕ್ಕನ್ನು ಬುಡಸಮೇತ ಕಿತ್ತೆಸೆಯಿತು. ಆ ಚೂರು ಎಲ್ಲಿ ಹೋಯಿತೋ, ನೆಲವನ್ನೆಲ್ಲ ಗುಡಿಸಿದರೂ ಸಿಗಲಿಲ್ಲ.

ಮ್ಯಾನೇಜರ್ ಬಂದು ನೋಡಿ, "ಪುಟ್ಟಿ ತುಂಬಿ ಪಾಲಿಶ್ ಹೊಡೀರಿ. ಯಾರಿಗೆ ಗೊತ್ತಾಗುತ್ತೆ?" ಎಂದರು.

ನಾನು ಪುಟ್ಟಿ ತುಂಬಲಿಲ್ಲ. ಮರುದಿನ ರಜೆ ಹಾಕಿ, ಬಾಣಾವರ, ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿ ಹಳೇಬೀಡಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸುತ್ತಲೇ ಇದ್ದೆ. ಪದ್ಮಾವತಮ್ಮ ಕದ ತೆರೆದಾಗ ಬಾಯಿಗೆ ಬಂದದ್ದು ಒಂದೇ: "ಅಮ್ಮಾ, ನಿಮ್ಮ ಹಲಗೆ ಕೆಡಿಸಿಬಿಟ್ಟೆ. ತಪ್ಪು ನಂದೇ."

ಅವರು ಸೆರಗು ಹೊದ್ದು ನನ್ನ ಜೊತೆಗೇ ಬಸ್ಸಿಗೆ ಹೊರಟರು. ಕಾರ್ಖಾನೆಯಲ್ಲಿ ಕನ್ನಡಕ ಸರಿಮಾಡಿಕೊಂಡು, ಕೊಕ್ಕಿಲ್ಲದ ಹಂಸದ ಮೇಲೆ ನಿಧಾನವಾಗಿ ಬೆರಳಾಡಿಸಿದರು. ಆ ಬೆರಳನ್ನು ನೋಡುತ್ತಾ ನಿಲ್ಲುವುದಕ್ಕಿಂತ ಬೈಸಿಕೊಳ್ಳುವುದು ಸುಲಭ ಅನಿಸಿತು.

"ಇನ್ನೊಂದು ಹಲಗೆ ಚೆನ್ನಾಗಿ ಬರುತ್ತೆ ಅಂತ ಮಾತು ಕೊಡ್ತೀರಾ?" ಎಂದು ಕೇಳಿದರು.

"ಇಲ್ಲಮ್ಮ. ಯಾಕೆ ಕೆಟ್ಟಿತು ಅಂತ ನಂಗಿನ್ನೂ ಪೂರ್ತಿ ಗೊತ್ತಾಗಿಲ್ಲ."

"ಹಂಗಾದ್ರೆ ಗೊತ್ತು ಮಾಡ್ಕೊಂಡು ಮಾಡಿ. ಮಾತು ಕೊಡ್ತೀನಿ ಅಂದಿದ್ರೆ ಹಲಗೆ ಎತ್ತಿಸ್ಕೊಂಡು ಹೋಗ್ತಿದ್ದೆ."

ಅವರನ್ನು ಬಸ್ಸು ಹತ್ತಿಸಿ ಬಂದವನೇ ವೀರಭದ್ರಾಚಾರ್ ಹತ್ತಿರ ಹೋಗಿ ನೆಲದ ಮೇಲೆ ಕೂತೆ. "ಆಚಾರ್ರೇ, ಎಲ್ಲಿ ತಪ್ಪಿದೆ ಅಂತ ಹೇಳ್ಕೊಡಿ" ಎಂದೆ.

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಅದೇ ಹಲಸಿನ ತುಂಡೊಂದನ್ನು ಎಳೆದುಕೊಂಡು ಉಳಿಯಿಂದ ಒಂದು ದಿಕ್ಕಿಗೆ ಕೀಸಿದರು. ಒಂದು ಪಟ್ಟೆ ನುಣುಪಾಯಿತು, ಪಕ್ಕದ್ದು ಕಿತ್ತುಬಂತು. ಎದುರು ದಿಕ್ಕಿಗೆ ಕೀಸಿದಾಗ ಮೊದಲನೆಯದು ಕಿತ್ತುಬಂತು, ಎರಡನೆಯದು ನುಣುಪಾಯಿತು.

"ನೋಡಿ, ಈ ಪಟ್ಟೆ ನಾರು ಅತ್ಲಾಗೆ ಮಲ್ಗೈತೆ, ಇದು ಇತ್ಲಾಗೆ. ಹಲಸು ಹಂಗೇ. ನಿಮ್ ಕಬ್ಬಿಣಕ್ಕೆ ಎಲ್ಲಾ ಕಡೆನೂ ಒಂದೇ. ಮರಕ್ಕೆ ಹಂಗಲ್ಲ ಸ್ವಾಮಿ. ನೀವು ಅದನ್ನ ಮೇಲಕ್ಕೆ ಜಗ್ಗಿದ್ರೆ ಸುಮ್ನೆ ಇರ್ತದಾ?"

ಆರು ದಿನ ಇಬ್ಬರೂ ತುಂಡುಗಳ ಮೇಲೆ ಕೆಲಸ ಮಾಡಿದೆವು. ನಾನು ಬಿಟ್ ಹಾಕಿ ಕೊರೆಯುತ್ತಿದ್ದೆ, ಅವರು ಕಣ್ಣು ಮುಚ್ಚಿ ಅಂಚನ್ನು ಸವರಿ "ಊಹೂಂ" ಅನ್ನುತ್ತಿದ್ದರು. ಡೌನ್‌ಕಟ್ ಬಿಟ್ಟಿನ ಸುರುಳಿ ನಾರನ್ನು ಕೆಳಕ್ಕೆ ಒತ್ತಿ ಕತ್ತರಿಸುವುದರಿಂದ ಅಂಚು ಬ್ಲೇಡಿನಲ್ಲಿ ಕೊಯ್ದಂತೆ ಬಂತು. ಆದರೆ ಆಳಕ್ಕಿಳಿದರೆ ಪುಡಿ ಒಳಗೇ ಕೂತು ಕಾದು, ಮರ ಸುಟ್ಟು ಕಪ್ಪಾಯಿತು. ಹೆದರಿ ಯಂತ್ರವನ್ನು ನಿಧಾನ ಓಡಿಸಿದರೆ ಇನ್ನೂ ಹೆಚ್ಚು ಸುಟ್ಟಿತು, ಬಿಟ್ ಕೊಯ್ಯುವುದನ್ನು ಬಿಟ್ಟು ಉಜ್ಜುತ್ತಿತ್ತು. ಕೊನೆಗೆ ಒಂದು ಕ್ರಮ ಸಿಕ್ಕಿತು. ಮೊದಲು ಡೌನ್‌ಕಟ್‌ನಲ್ಲಿ ಅಂಚುಗಳನ್ನು ಎರಡೇ ಮಿಲಿಮೀಟರ್ ಗೀರುವುದು. ಆ ಗೀರಿನ ಒಳಗಡೆ ಅಪ್‌ಕಟ್‌ನಿಂದ ಆಳಕ್ಕೆ ತೆಗೆದು, ಒಂದು ಮಿಲಿಮೀಟರ್ ಉಳಿಸುವುದು. ಉಳಿದದ್ದನ್ನು ತುದಿ ಗುಂಡಗಿರುವ ಮೂರು ಮಿಲಿಮೀಟರಿನ ಬಾಲ್‌ನೋಸ್ ಬಿಟ್ಟಿನಿಂದ ಒತ್ತೊತ್ತಾಗಿ ಸವರುವುದು. ತಿರುಗುವ ಬಿಟ್ ಚೂಪಾದ ಮೂಲೆಗೆ ಇಳಿಯಲಾರದು. ಅದು ಉಳಿಯ ಪಾಲು.

ಏಳನೆಯ ದಿನ ಎರಡನೆಯ ಹಲಗೆ ಬಿಗಿದೆವು. ಮೊದಲ ಗೀರು ಮುಗಿದಾಗ ಆಚಾರ್ ಯಂತ್ರ ನಿಲ್ಲಿಸಲು ಸನ್ನೆ ಮಾಡಿ, ಬಾಗಿ ಅಂಚು ಸವರಿದರು.

"ನಡೀಲಿ" ಅಂದರು.

ಸಂಜೆಯ ಹೊತ್ತಿಗೆ ಹಂಸ ಕೊಕ್ಕಿನ ಸಮೇತ ಹಲಗೆಯಲ್ಲಿ ನಿಂತಿತ್ತು. ಕೆತ್ತನೆಯವರೆಲ್ಲ ಬಂದು ಸುತ್ತ ನೆರೆದರು. ಯಂತ್ರದ ಹತ್ತಿರ ಅವರು ಬಂದದ್ದು ಅದೇ ಮೊದಲು.

ಕೆಟ್ಟ ಹಲಗೆಯನ್ನು ಆಚಾರ್ ತಮ್ಮ ತಾಟಿನ ಮೇಲೆ ಹಾಕಿಕೊಂಡರು. ಎದ್ದ ನಾರನ್ನೆಲ್ಲ ಉಳಿಯಿಂದ ಕೀಸಿದರು. ಕೊಕ್ಕಿನ ಜಾಗದಲ್ಲಿ ಮರವೇ ಇರಲಿಲ್ಲ. ಹಂಸದ ಬೆನ್ನಿನ ಹಿಂದೆ ಮಾತ್ರ ಇನ್ನೂ ಕೊರೆಯದ ಮರವಿತ್ತು. ಎರಡು ದಿನ ಅದನ್ನೇ ನೋಡುತ್ತಾ ಕೂತಿದ್ದು, ಮೂರನೆಯ ದಿನ ಕುತ್ತಿಗೆಯನ್ನು ಹಿಂದಕ್ಕೆ ಬಳುಕಿಸಿ, ರೆಕ್ಕೆಯ ಗರಿ ತೀಡಿಕೊಳ್ಳುವ ಹಂಸವನ್ನು ಅಲ್ಲಿ ಕೆತ್ತಿದರು.

ಬಾಗಿಲು ಕೂರಿಸಲು ನಾವಿಬ್ಬರೂ ಹಳೇಬೀಡಿಗೆ ಹೋದೆವು. ಪದ್ಮಾವತಮ್ಮ ಎರಡು ಹಂಸಗಳನ್ನೂ ಬಹಳ ಹೊತ್ತು ನೋಡಿದರು. "ನಾನು ಬರೆದುಕೊಟ್ಟಿದ್ದು ಎರಡೂ ಒಂದೇ ಥರ ಇತ್ತು" ಎಂದರು. ನಾನು ಆಚಾರ್ ಕಡೆ ನೋಡಿದೆ. "ಇದೇ ಚೆನ್ನಾಗಿದೆ, ಬಿಡಿ. ಜೀವ ಇರೋವು ಎರಡು ಯಾವತ್ತು ಒಂದೇ ಥರ ಕೂತಿರ್ತವೆ?" ಆಚಾರ್ ತಲೆ ತಗ್ಗಿಸಿ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಕೆತ್ತನೆ ವಿಭಾಗದಿಂದ ಯಾರನ್ನೂ ತೆಗೆಯಬಾರದೆಂದು ನಾನು ಮ್ಯಾನೇಜರಿಗೆ ಬರೆದುಕೊಟ್ಟೆ. ಕಾರಣವನ್ನು, ಬಾಗಿಲು ಸಾಗಿಸುವ ಮೊದಲೇ, ಬಿಟ್ ಇಳಿಯದೆ ಉಳಿಯಿಂದ ತೀಡಿದ ಎರಡನೆಯ ಹಲಗೆಯ ಮೂಲೆಗಳಲ್ಲೇ ತೋರಿಸಿದ್ದೆ. ಅವರು ಗೊಣಗಿದರು, ಆದರೆ ಒಪ್ಪಿದರು. ಮುಂದಿನ ನಾಲ್ಕು ವರ್ಷ, ಕಣ್ಣು ಮಂಜಾಗುವವರೆಗೂ, ಆಚಾರ್ ಕೂರುವ ಮಣೆ ಯಂತ್ರದ ಪಕ್ಕದಲ್ಲೇ ಇತ್ತು. ಹೊಸ ಮರ ಬಂದರೆ ಮೊದಲು ಅವರ ಬೆರಳು, ಆಮೇಲೆ ನನ್ನ ಬಿಟ್.

ಈಗಿನ ಯಂತ್ರಗಳು ಅದಕ್ಕಿಂತ ನೂರು ಪಾಲು ಜಾಣ. ಕಲಿಯಲು ಬಂದವರು ಇವತ್ತಿಗೂ ನನ್ನನ್ನು ಕೇಳುವುದು, ಎಲ್ಲಕ್ಕಿಂತ ಒಳ್ಳೆಯ ಬಿಟ್ ಯಾವುದು ಎಂದು. ನಾನು ಅವರ ಕೈಗೆ ಅವರು ಕೊರೆಯಬೇಕಾದ ಮರದ್ದೇ ಒಂದು ತುಂಡು, ಒಂದು ಉಳಿ ಕೊಟ್ಟು, ಎರಡೂ ದಿಕ್ಕಿಗೆ ಕೀಸಿ ಬನ್ನಿ, ಆಮೇಲೆ ಮಾತಾಡೋಣ ಎನ್ನುತ್ತೇನೆ. ಕೆಲವರಿಗೆ ಇದು ಮುದುಕನ ಹಟವೆನಿಸುತ್ತದೆ. ಕೀಸಿ ಬಂದವರು ಮಾತ್ರ ಆ ಪ್ರಶ್ನೆಯನ್ನು ಮತ್ತೆ ಕೇಳಿದ್ದಿಲ್ಲ.