ಹತ್ತು ಪಾಯಿಂಟಿನ ಒಳಗಿದ್ದ ಪ್ಲಗ್ಗು

ಐಟಿಐ ಒಂದರಲ್ಲಿ ವೈರ್‌ಮನ್ ಟ್ರೇಡಿಗೆ ಪಾಠ ಹೇಳಿ ಹೇಳಿ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ಯಾರ ಮನೆಗೆ ಹೋದರೂ ಮೊದಲು ಅವರ ಸ್ವಿಚ್‌ಬೋರ್ಡ್ ನೋಡಿ ಬೈಯಬೇಕು, ಆಮೇಲೆ ಕ್ಷೇಮಸಮಾಚಾರ. ಒಮ್ಮೆ ಸಂಡೂರಿನಲ್ಲಿ ಬೀಗರ ಮನೆಗೆ ಊಟಕ್ಕೆ ಹೋಗಿ, ಕೈ ತೊಳೆಯುವ ಮೊದಲೇ ಮೀಟರಿನ ಕಡೆ ಕತ್ತೆತ್ತಿ, "ಯಾವ ಹುಚ್ಚ ಮಾಡಿದ್ರೀ ಈ ವೈರಿಂಗು?" ಅಂದೆ. ಆ ಹುಚ್ಚ ಬೀಗರ ತಮ್ಮನೇ. ಅವನಿಗೂ ನನ್ನ ಪಕ್ಕದಲ್ಲೇ ಎಲೆ ಹಾಕಿದ್ದರು.

ಇಂಥವನು ರಿಟೈರ್ ಆಗಿ ಹೊಸಪೇಟೆಯಲ್ಲಿ ಸ್ವಂತ ಮನೆ ಕಟ್ಟಿಸಿದೆ. ವೈರಿಂಗ್ ನಾನೇ ಮಾಡುತ್ತೇನೆ ಅಂತ ಹಟ ಹಿಡಿದೆ. ಮನೆಯಾಕೆ, "ನಿಮಗ ಹೇಳಾಕ ಬರತೈತಿ, ಮಾಡಾಕ ಬರತೈತೇನು ನೋಡ್ಕೊಳ್ರಿ ಮತ್ತ" ಅಂದಳು. ಆ ಮಾತಿಗೆ ಎಂಟು ದಿನ ಮುಖ ಊದಿಸಿಕೊಂಡೇ ಗೋಡೆಯೊಳಗೆ ವೈರಿನ ಪೈಪು ಹಾಕಿದೆ.

ಗೋಡೆಗೆ ಬಣ್ಣ ಹೊಡೆದು ಮುಗಿದ ಮೇಲೆ ನೆನಪಾಯಿತು ನೋಡ್ರಿ. ಅಡಿಗೆಮನೆಯಲ್ಲಿ ಕರೆಂಟ್ ಒಲೆಗೆ ಅಂತ ಇಟ್ಟ ದೊಡ್ಡ ಪ್ಲಗ್ಗಿಗೆ ಬೇರೆ ಲೈನೇ ಎಳೆದಿಲ್ಲ! ಈಗ ಹೊಸ ಗೋಡೆ ಕೊರೆಯಬೇಕು, ಇಲ್ಲವೇ ಮರೆತೆ ಅಂತ ಮನೆಯಾಕೆಯ ಎದುರು ಒಪ್ಪಿಕೊಳ್ಳಬೇಕು. ಎರಡೂ ಬ್ಯಾಡ ಅಂತ ಪಡಸಾಲೆಯ ಲೈಟಿನ ಸಣ್ಣ ವೈರಿನಿಂದಲೇ ಕದ್ದು ಆ ಪ್ಲಗ್ಗಿಗೆ ಕರೆಂಟು ಕೊಟ್ಟೆ. 'ಲೈಟಿಗೆ ಬ್ಯಾರೆ, ಪ್ಲಗ್ಗಿಗೆ ಬ್ಯಾರೆ' ಅಂತ ಮೇಜು ಗುದ್ದಿ ಪಾಠ ಹೇಳಿದ ಮಹಾಶಯ ಮಾಡಿದ ಕೆಲಸ ಇದು.

ಮನೆಯಾಕೆ ಕರೆಂಟ್ ಒಲೆ ಹಚ್ಚಿದಾಗಲೆಲ್ಲ ಬೋರ್ಡಿನಲ್ಲಿ ಟಪ್ ಅಂತ ಎಂಸಿಬಿ ಅನ್ನುವ ಕಾವಲು ಸ್ವಿಚ್ಚು ಬಿದ್ದು ಪಡಸಾಲೆ ಕತ್ತಲಾಗುತ್ತಿತ್ತು. "ಎಲ್ಲಾರೂ ಎಲ್ಲಿದ್ದೀರಿ ಅಲ್ಲೇ ಕುಂದ್ರ್ರಿ, ನಾ ಚಾ ಇಡಾಕತ್ತೀನಿ" ಅಂತ ಕೂಗಿ ಹೇಳಿಯೇ ಆಕೆ ಸ್ವಿಚ್ ಒತ್ತುತ್ತಿದ್ದಳು. ಅವಮಾನ ತಡೆಯಲಾರದೆ ನಾನು ಎಂಸಿಬಿ ತೆಗೆದು ಅದಕ್ಕಿಂತ ದೊಡ್ಡದೊಂದು ಕೂರಿಸಿದೆ. ವೈರು ಕಾಯುವ ಮೊದಲೇ ಬೀಳಬೇಕಾದ್ದು ಎಂಸಿಬಿ. ದೊಡ್ಡದು ಹಾಕಿದರೆ ಅದು ಬೀಳುವುದಿಲ್ಲ, ಒಳಗೆ ವೈರು ಸುಡುತ್ತದೆ. ಇದು ಮೊದಲ ತಿಂಗಳ ಪಾಠ. ಹೇಳುತ್ತಿದ್ದವನೂ ನಾನೇ.

ಆಯುಧಪೂಜೆ ಬಂತು. ಬೋರ್ಡಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಕೆಳಗೆ ಕುಂಬಳಕಾಯಿ ಒಡೆದು, ಊದಿನಕಡ್ಡಿ ಹಚ್ಚಿ ಕೈಮುಗಿದೆ. ಒಳಗೆ ಹೋಳಿಗೆಯ ಬೇಳೆ ಬೇಯುತ್ತಿತ್ತು, ಅದೂ ಕರೆಂಟ್ ಒಲೆಯ ಮೇಲೆ. ಏನೋ ಸುಟ್ಟ ವಾಸನೆ. "ಈ ಊದಿನಕಡ್ಡಿ ಭಾಳ ಕೆಟ್ಟ ಮಾಲು ಬಿಡು" ಅಂದೆ. ಮನೆಯಾಕೆ ಸೌಟು ಹಿಡಿದೇ ಬಂದಳು. "ಊದಿನಕಡ್ಡಿ ಮುಗ್ದು ತಾಸಾತು. ಮುಟ್ಟಿ ನೋಡ್ರಿ ನಿಮ್ಮ ದೇವ್ರನ್ನ." ಮುಟ್ಟಿದೆ. ಬೋರ್ಡು ರೊಟ್ಟಿಯ ಹಂಚಿನಂತೆ ಕಾದಿತ್ತು. ತಕ್ಷಣ ಮೇನ್ ಆಫ್ ಮಾಡಿದೆ.

ನನ್ನನ್ನು ಒಂದು ಮಾತೂ ಕೇಳದೆ ಮನೆಯಾಕೆ ಓಣಿಯವರಿಂದ ಎಲೆಕ್ಟ್ರಿಷಿಯನ್ ನಂಬರ್ ಇಸಿದುಕೊಂಡು ಫೋನು ಮಾಡಿದಳು. ಮರುದಿನ ಮುಂಜಾನೆ ಸ್ಕೂಟಿಯ ಮೇಲೆ ಒಬ್ಬ ಹೆಣ್ಣುಮಗಳು ಬಂದಳು. ಊರಲ್ಲೆಲ್ಲ ಆಕೆಯದು ಮಸ್ತ್ ಕೆಲಸ ಅಂತ ಹೆಸರಂತೆ. ಬಾಗಿಲಲ್ಲಿ ನನ್ನ ನೋಡಿ ಒಂದು ಕ್ಷಣ ನಿಂತು, "ನಮಸ್ಕಾರ್ರಿ ಸಾರ್" ಅಂದಳು. ನನ್ನ ಹಳೆಯ ವಿದ್ಯಾರ್ಥಿನಿ, ಪ್ರ್ಯಾಕ್ಟಿಕಲ್ ಪರೀಕ್ಷೆಯಲ್ಲಿ ನಾನು ಫೇಲ್ ಮಾಡಿದ ಹುಡುಗಿ.

ಆಕೆ ಹಾರ ಬದಿಗಿಟ್ಟು, ಕುಂಕುಮ ಒರೆಸಿ, ಬೋರ್ಡು ಬಿಚ್ಚಿದಳು. ಒಳಗೆ ವೈರಿನ ಮೈಯೆಲ್ಲ ಕರ್ರಗೆ ಕರಗಿತ್ತು.

"ಯಾರ್ ಮಾಡಿದ್ರೀ ಇದನ್ನ?"

"ನಮ್ಮನ್ಯಾಗ ಒಬ್ಬ ಹುಚ್ಚ ಅದಾನವ್ವ" ಅಂದಳು ಮನೆಯಾಕೆ. ಹುಡುಗಿ ನಗಲಿಲ್ಲ. ನಕ್ಕಿದ್ದರೆ ನನಗೆ ಹಗುರಾಗುತ್ತಿತ್ತು.

ಆಕೆ ಗೋಡೆ ಕೊರೆಯುತ್ತಿದ್ದಳು, ನಾನು ಕುರ್ಚಿಯಲ್ಲಿ ಕೂತು ಧೂಳು ಕುಡಿಯುತ್ತಿದ್ದೆ. ಆ ಪರೀಕ್ಷೆಯ ದಿನ ಆಕೆ ಲೈಟು, ಫ್ಯಾನು ಸೇರಿ ಎಂಟು ಪಾಯಿಂಟಿನ ಸರ್ಕ್ಯೂಟಿಗೆ ಒಂದು ಸಣ್ಣ ಪ್ಲಗ್ಗೂ ಸೇರಿಸಿದ್ದಳು. ನಾನು, "ಲೈಟಿನ ಜೊತಿ ಪ್ಲಗ್ಗೇನವಾ? ಹೊಳ್ಯಾಗ ಹಾಕಿದಿ ನನ್ನ ಪಾಠ!" ಅಂತ ಎಲ್ಲರೆದುರು ಕೂಗಾಡಿದೆ. ಆಕೆ ಮೆಲ್ಲಗೆ, "ಸಾರ್, ಇದು ಸಣ್ಣ ಪ್ಲಗ್ಗು. ಒಟ್ಟು ಹತ್ತು ಪಾಯಿಂಟಿನ ಒಳಗ ಐತ್ರಿ, ಕೊಡಬಹುದು" ಅಂದಳು. ನನಗೇ ಎದುರು ಮಾತೇ! ಫೇಲ್ ಅಂತ ಗೀಚಿದೆ.

ಆ ಸಂಜೆ ಮನೆಗೆ ಹೋಗಿ ನಿಯಮದ ಪುಸ್ತಕ ತೆಗೆದೆ. ಫೋನ್ ಚಾರ್ಜಿಗೆ ಹಾಕುವಂಥ ಸಣ್ಣ ಪ್ಲಗ್ಗನ್ನು ಲೈಟಿನ ಜೊತೆ ಕೊಡಬಹುದು, ಒಟ್ಟು ಹತ್ತು ಪಾಯಿಂಟು ಮೀರಬಾರದು, ಅಷ್ಟೇ. ಬೇರೆ ಲೈನು ಬೇಕಾದ್ದು ದೊಡ್ಡ ಪ್ಲಗ್ಗಿಗೆ. ಹುಡುಗಿಯದು ಸರಿ ಇತ್ತು. ಮರುದಿನ ಹೋಗಿ ಅಂಕ ತಿದ್ದಬಹುದಿತ್ತು. ತಿದ್ದಲಿಲ್ಲ. ಮಾಸ್ತರಿಗೇ ಗೊತ್ತಿರಲಿಲ್ಲ ಅಂತ ಹುಡುಗರು ಆಡಿಕೊಂಡಾರು ಅಂತ ಹೆದರಿದೆ. ಆಕೆಯ ಒಂದು ವರ್ಷ ಹೋಯಿತು.

ಇತ್ತ ಸಂಜೆಗೆ ಆಕೆಯ ಕೆಲಸ ಮುಗಿಯಿತು. ಮನೆಯಾಕೆ ಕರೆಂಟ್ ಒಲೆ ಹಚ್ಚಿದಳು, ಪಡಸಾಲೆಯ ಲೈಟು ಅಲುಗಲಿಲ್ಲ. ನಾನು ಹುಡುಗಿಯ ಹತ್ತಿರ ಹೋಗಿ, "ಅವತ್ತು ನೀನು ಸರಿ ಇದ್ದಿ. ತಪ್ಪು ನಂದು" ಅಂದೆ.

ಆಕೆ ಸ್ಕ್ರೂಡ್ರೈವರ್ ಒರೆಸುತ್ತಾ, "ನನಗ ಅವತ್ತಾ ಗೊತ್ತಿತ್ರಿ ಸಾರ್. ಹೇಳೋದಾದ್ರ ಕಂಪ್ಲಿಗೆ ನಮ್ಮನಿಗೆ ಬಂದು ನಮ್ಮಪ್ಪಗ ಹೇಳ್ರಿ" ಅಂದಳು.

ಮನೆಯಾಕೆ ನನ್ನ ಮುಖ ನೋಡಿದಳು. ಹೋಗದೆ ವಿಧಿ ಇರಲಿಲ್ಲ. ಭಾನುವಾರ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬಸ್ಸು ಕೆಟ್ಟು ನಿಲ್ಲಲಿ ಅಂತ ಹಂಪಿ ವಿರೂಪಾಕ್ಷನಿಗೆ ಬೇಡಿಕೊಂಡೆ. ಎಂದೂ ಇಲ್ಲದ್ದು, ಅವತ್ತು ಹೇಳಿದ ಟೈಮಿಗೆ ಸರಿಯಾಗಿ ಮುಟ್ಟಿತು.

ಆಕೆಯ ಅಪ್ಪ ರೈಸ್ ಮಿಲ್ಲಿನಲ್ಲಿ ಮೂಟೆ ಹೊತ್ತು ಬೆನ್ನು ಬಾಗಿದವರು. ನನ್ನ ಕಂಡದ್ದೇ ಟವೆಲ್ಲಿನಿಂದ ಕುರ್ಚಿ ಒರೆಸಿದರು. "ಬರ್ರಿ ಬರ್ರಿ ಮಾಸ್ತರ್ರ, ಕುಂದ್ರ್ರಿ. ನೀವು ಅವತ್ತು ಫೇಲ್ ಮಾಡಿದ್ದಾ ಚಲೋ ಆತು ನೋಡ್ರಿ. ಅದಕ್ಕಾ ಬುದ್ಧಿ ಕಲ್ತು ಮುಂದ ಬಂದ್ಲು. ನಿಮ್ಮ ಉಪಕಾರ ಮರೆಯಂಗಿಲ್ಲ."

ಅವರು ಕೊಟ್ಟ ಚಹಾ ಕೆಳಗಿಟ್ಟೆ. ಹೂಂ ಅಂದು ಎದ್ದು ಬಂದುಬಿಡುವ ಆಸೆಯಾಯಿತು, ದೇವರಾಣೆ. ಆಕೆ ಬಾಗಿಲಿಗೆ ಒರಗಿ ನನ್ನನ್ನೇ ನೋಡುತ್ತಿದ್ದಳು.

"ಇಲ್ರೀ ಯಜಮಾನ್ರ. ಆಕಿ ತಪ್ಪು ಮಾಡಿರಲಿಲ್ಲ. ನನಗಾ ಗೊತ್ತಿರಲಿಲ್ಲ. ಗೊತ್ತಾದ ಮ್ಯಾಲೂ ಸುಮ್ನಿದ್ದೆ."

ಅವರು ಬೈಯುತ್ತಾರೆ ಅಂತ ತಲೆ ತಗ್ಗಿಸಿ ಕೂತೆ.

"ಆಕಿ ಅವತ್ತಾ ಹೇಳಿದ್ಲ್ರೀ" ಅಂದರು ಅವರು. "ಅಪ್ಪಾ, ನಂದು ಸರಿ ಐತಿ ಅಂತ ಅತ್ಲು. ಮಾಸ್ತರು ಸುಳ್ಳು ಬರೀತಾರೇನು ಅಂತ ನಾನಾ ಕೆನ್ನಿಗೆ ಎರಡು ಬಾರಿಸಿದ್ದೆ."

ಆಮೇಲೆ ನನ್ನ ಕಡೆ ನೋಡಲೇ ಇಲ್ಲ. ಮಗಳನ್ನು ಹತ್ತಿರ ಕರೆದು, ಆಕೆಯ ಕೆನ್ನೆಯ ಮೇಲೆ ಕೈ ಇಟ್ಟುಕೊಂಡು ಹಾಗೇ ನಿಂತರು.